ಡಿಸ್ನಿಲ್ಯಾಂಡ್ ಆಟೋಗ್ರಾಫ್ ಪುಸ್ತಕ, ಪಿನ್ನು: ಕಾರವಾರದ ಶೀತದಿಂದ ಉಳಿಸೋದು ಹೇಗೆ?

ಕೋಡಿಬಾಗ_ಕಡಲು:

ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ. ಒಂದು ಕಡೆ ಕಾಳಿ ನದಿ, ಇನ್ನೊಂದು ಕಡೆ ಸಮುದ್ರ. ಮಳೆಗಾಲದಲ್ಲಿ ಗೋಡೆಗೆ ಕೈಯಿಟ್ಟರೆ ಕೈ ಒದ್ದೆಯಾಗುತ್ತದೆ, ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಪ್ಪ ಹಡಗಿನ ಕೆಲಸದಲ್ಲಿದ್ದರು. 2006ರಲ್ಲಿ ಅಮ್ಮನನ್ನೂ ನನ್ನನ್ನೂ ಹಾಂಗ್‌ಕಾಂಗ್‌ಗೆ ಕರೆಸಿಕೊಂಡು ಡಿಸ್ನಿಲ್ಯಾಂಡ್ ತೋರಿಸಿದ್ದರು. ಅದು ಶುರುವಾಗಿದ್ದೇ 2005ರ ಸೆಪ್ಟೆಂಬರ್‌ನಲ್ಲಿ, ಎಲ್ಲವೂ ಹೊಸದಾಗಿತ್ತು. ಪಾರ್ಕಿಗೆ ಹೋಗುವ ರೈಲಿನ ಕಿಟಕಿ ಕೂಡ ಮಿಕ್ಕಿ ತಲೆಯ ಆಕಾರದಲ್ಲಿತ್ತು, ನಾನು ಇಳಿಯಲ್ಲ ಅಂತ ಹಟ ಮಾಡಿದ್ದೆನಂತೆ. ಆವಾಗ ತಂದದ್ದೆಲ್ಲ ಒಂದು ಬಿಸ್ಕೆಟ್ ಡಬ್ಬದಲ್ಲಿ ಅಟ್ಟದ ಮೇಲಿತ್ತು. ಮೊನ್ನೆ ಹಂಚು ತೆಗೆಸುವಾಗ ಕೆಳಗೆ ಬಂತು.

ಒಳಗಿರುವುದು: ಆಟೋಗ್ರಾಫ್ ಪುಸ್ತಕ, ಕೊರಳಿಗೆ ಹಾಕುವ ಪಟ್ಟಿಯಲ್ಲಿ ಚುಚ್ಚಿದ ಪಿನ್ನುಗಳು, ಯಂತ್ರದಲ್ಲಿ ಚಪ್ಪಟೆ ಮಾಡಿ ಚಿತ್ರ ಒತ್ತಿದ ನಾಣ್ಯ, ಪಾರ್ಕಿನ ನಕ್ಷೆ, ಟಿಕೆಟು, ಒಂದಿಷ್ಟು ಫೋಟೋ. ಡಬ್ಬ ತುಕ್ಕು ಹಿಡಿದಿದೆ. ನಕ್ಷೆಯ ಮಡಿಕೆಯಲ್ಲಿ ಬೂಷ್ಟು. ಪಿನ್ನಿನ ಹಿಂದಿನ ರಬ್ಬರು ಅಂಟಂಟಾಗಿದೆ. ಎರಡು ಫೋಟೋ ಒಂದಕ್ಕೊಂದು ಹತ್ತಿಕೊಂಡಿವೆ. ಪುಸ್ತಕದ ಅಂಚನ್ನು ಯಾವುದೋ ಹುಳ ತಿಂದಿದೆ.

ಪುಸ್ತಕವೇ ನನಗೆ ಎಲ್ಲಕ್ಕಿಂತ ಜಾಸ್ತಿ. ಪಾರ್ಕಿನಲ್ಲಿ ಗೂಫಿ ಥರದ ಡಿಸ್ನಿ ಕಾರ್ಟೂನ್ ಪಾತ್ರಗಳ ವೇಷ ಹಾಕಿದವರು ಅದರಲ್ಲಿ ಸಹಿ ಹಾಕಿಕೊಡುತ್ತಿದ್ದರು. ವೇಷದ ಆ ದೊಡ್ಡ ಕೈಗವಸು ಹಾಕಿಕೊಂಡು ತೆಳ್ಳಗಿನ ಪೆನ್ನು ಹಿಡಿಯಲು ಆಗುವುದಿಲ್ಲ ಅಂತ ಅಪ್ಪ ದಪ್ಪ ಪೆನ್ನು ತೆಗೆದುಕೊಟ್ಟಿದ್ದರು, ಅದರ ಶಾಯಿ ಹಿಂದಿನ ಪುಟಕ್ಕೂ ಇಳಿದಿದೆ. ಗೂಫಿ ಪುಸ್ತಕವನ್ನು ನನ್ನ ತಲೆ ಮೇಲಿಟ್ಟು ಸಹಿ ಹಾಕಿದ. ನಾನು ನಕ್ಕು ಅಲ್ಲಾಡಿದ್ದರಿಂದ ಅಕ್ಷರ ಮಧ್ಯದಲ್ಲಿ ಜಾರಿ ಪುಟದ ತುದಿಯವರೆಗೂ ಗೀಟು ಹೋಗಿದೆ. ಒಂದು ಮಾತೂ ಆಡಲಿಲ್ಲ ಅವನು, ಆದರೆ ಸಿಟ್ಟು ಬಂದ ಹಾಗೆ, ಆಮೇಲೆ ರಾಜಿಯಾದ ಹಾಗೆ ಎಲ್ಲಾ ಬರೀ ಕೈಯಲ್ಲೇ ಮಾಡಿ ತೋರಿಸಿದ.

ಕೇಳಬೇಕಾದ್ದು ಎರಡು. ಪೇಟೆಯಲ್ಲಿ ಒಬ್ಬರು ಎಲ್ಲವನ್ನೂ ಲ್ಯಾಮಿನೇಶನ್ ಮಾಡಿಬಿಡಿ ಅಂದರು, ಮಾಡಿಸಲಾ? ಇನ್ನೊಂದು, ಮಗಳು ಒಂದನೇ ಕ್ಲಾಸು, ಪುಸ್ತಕದ ಖಾಲಿ ಪುಟಗಳಲ್ಲಿ ತನಗೂ ಸಹಿ ಬೇಕು ಅಂತಾಳೆ. ಅವಳ ಕೈಗೆ ಕೊಡುವುದಾ, ಒಳಗಿಡುವುದಾ? ಕೊಟ್ಟರೂ ಇಲ್ಲಿ ಯಾರ ಹತ್ತಿರ ಸಹಿ ಹಾಕಿಸಲಿ?

ಕುಮಟೆ_ಹಳೇಕಾಗದ:

ಲ್ಯಾಮಿನೇಶನ್ ಬೇಡವೇ ಬೇಡ ಅಕ್ಕಾ. ಬಿಸಿಗೆ ಪ್ಲಾಸ್ಟಿಕ್ ಕರಗಿ ಕಾಗದಕ್ಕೇ ಅಂಟಿಕೊಳ್ಳುತ್ತದೆ, ಆಮೇಲೆ ಬಿಡಿಸಲು ಬರುವುದಿಲ್ಲ. ಕಾಗದದಲ್ಲಿ ಸ್ವಲ್ಪ ಶೀತ ಉಳಿದಿದ್ದರೂ ಒಳಗಡೆಯೇ ಕಲೆ ಬೀಳುತ್ತದೆ. ಟಿಕೆಟು ಬಸ್ ಟಿಕೆಟಿನ ಥರದ ಥರ್ಮಲ್ ಕಾಗದದ್ದಾಗಿದ್ದರಂತೂ ಬಿಸಿ ತಾಗಿದ ಕೂಡಲೇ ಪೂರ್ತಿ ಕಪ್ಪಾಗುತ್ತದೆ. ಆ ಥರದ ಟಿಕೆಟು ಹೇಗಿದ್ದರೂ ದಿನ ಹೋದ ಹಾಗೆ ಬಿಳಿಚಿಕೊಳ್ಳುತ್ತದೆ, ಅದಕ್ಕೆ ಮೊದಲು ಎಲ್ಲವನ್ನೂ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ಪುಸ್ತಕದ ಪ್ರತಿ ಪುಟವನ್ನೂ, ಖಾಲಿ ಪುಟ ಬಿಟ್ಟು.

ಬೂಷ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಾರದು, ಹರಡುತ್ತದೆ. ಮಳೆ ಇಲ್ಲದ ದಿನ ಜಗಲಿಗೆ ತಂದು, ಬಾಯಿಗೆ ಮಾಸ್ಕ್ ಕಟ್ಟಿಕೊಂಡು, ಮೆತ್ತಗಿನ ಪೇಂಟಿಂಗ್ ಬ್ರಷ್‌ನಿಂದ ನಿಧಾನಕ್ಕೆ ತೆಗೆಯಿರಿ. ಅದಕ್ಕೂ ಮೊದಲು ನೆರಳಲ್ಲಿ, ಫ್ಯಾನ್ ಗಾಳಿಗೆ ಒಣಗಬೇಕು. ಬಿಸಿಲಿಗೆ ಹಾಕಿದರೆ ಶಾಯಿ ಮಾಸುತ್ತದೆ. ಹುಳ ಇನ್ನೂ ಇರಬಹುದು ಅಂತ ಅನುಮಾನ ಇದ್ದರೆ ಒಣಗಿದ ಪುಸ್ತಕವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೋಗದ ಹಾಗೆ ಮುಚ್ಚಿ ಫ್ರೀಜರಿನಲ್ಲಿ ಒಂದೆರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಚೀಲ ಪೂರ್ತಿ ಕೋಣೆಯ ಬಿಸಿಗೆ ಬರುವ ತನಕ ಬಿಚ್ಚಬೇಡಿ, ಬಿಚ್ಚಿದರೆ ತಣ್ಣನೆಯ ಕಾಗದದ ಮೇಲೆ ಗಾಳಿಯ ನೀರೆಲ್ಲ ಕೂರುತ್ತದೆ.

ಹತ್ತಿಕೊಂಡ ಫೋಟೋ ಎಳೆಯಬೇಡಿ. ಹಳೇ ಫೋಟೋ ರಿಪೇರಿ ಮಾಡುವವರಿಗೇ ಕೊಡಿ.

ಇಡುವುದಕ್ಕೆ ಗಾಳಿ ಆಡದ ಪ್ಲಾಸ್ಟಿಕ್ ಡಬ್ಬ, ಕ್ಯಾಮೆರಾದವರು ಲೆನ್ಸ್ ಇಡುತ್ತಾರಲ್ಲ ಅಂಥದ್ದು, ಜೊತೆಗೆ ಸಿಲಿಕಾ ಜೆಲ್. ಕಡಿಮೆ ಬೆಲೆಯ ತೇವಾಂಶ ಮೀಟರ್ ಒಂದನ್ನು ಒಳಗಿಟ್ಟರೆ ಇನ್ನೂ ಒಳ್ಳೆಯದು, ಶೇ 40ರಿಂದ 50ರ ಒಳಗಿದ್ದರೆ ಚಿಂತೆ ಇಲ್ಲ. ಅಕ್ಕಿ ಹಾಕಬೇಡಿ, ನುಸಿ ಬರುತ್ತದೆ. ಡಾಂಬರು ಗುಳಿಗೆಯೂ ಬೇಡ, ಕೆಲವು ಪ್ಲಾಸ್ಟಿಕ್‌ಗಳನ್ನು ಅದು ಮೆತ್ತಗೆ ಮಾಡಿ ಹಾಳು ಮಾಡುತ್ತದೆ. ಡಬ್ಬವನ್ನು ಮನೆಯ ಒಳಗೋಡೆಯ ಕಪಾಟಿನಲ್ಲಿಡಿ. ಮಳೆ ಹೊಡೆಯುವ ಪಡುವಣ ಗೋಡೆ ನಮ್ಮ ಕಡೆ ನಾಲ್ಕು ತಿಂಗಳು ಒಣಗುವುದಿಲ್ಲ.

ಖಾಲಿ ಪುಟದ ವಿಷಯದಲ್ಲಿ ನಾನು ಗಟ್ಟಿ. ಆ ಪುಸ್ತಕ ಒಳಗಿರಲಿ, ಮಗುವಿಗೆ ಬೇರೆ ಪುಸ್ತಕ ಕೊಡಿ.

ಅಂಕೋಲೆ_ಟು_ಬೆಂಗಳೂರು:

ಪಿನ್ನಿನ ಬಗ್ಗೆ ನಾನು ಹೇಳುತ್ತೇನೆ, ಅದು ನನ್ನ ಹುಚ್ಚು.

ಅಂಟಾದ ರಬ್ಬರನ್ನು ಇವತ್ತೇ ತೆಗೆದುಹಾಕಿ. ಹಾಗೇ ಬಿಟ್ಟರೆ ಲೋಹದ ಮೇಲೆ ಕಲೆ ಉಳಿಯುತ್ತದೆ. ಹಿಂದಿನ ತಿರುಪು ಬೇರೆ ಬೇರೆ ಥರದ್ದು ಬಿಡಿಯಾಗಿ ಸಿಗುತ್ತದೆ, ಪಿನ್ನಿನ ಬೆಲೆ ಅದರಿಂದ ಇಳಿಯುವುದಿಲ್ಲ. ಎನಾಮಲ್ ಭಾಗವನ್ನು ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹುಣಸೆಹಣ್ಣು, ಲಿಂಬೆಹಣ್ಣು ಅಂತ ತಾಮ್ರದ ಹಂಡೆ ತಿಕ್ಕಿದ ಹಾಗೆ ತಿಕ್ಕಬೇಡಿ, ಮೇಲಿನ ಲೇಪ ಎದ್ದು ಹೋಗುತ್ತದೆ. ಆಮೇಲೆ ಒಂದಕ್ಕೊಂದು ತಾಗದ ಹಾಗೆ ಇಡಿ.

ಡಿಸ್ನಿ ಪಾರ್ಕುಗಳಲ್ಲಿ ಈ ಪಿನ್ ಬದಲಾಯಿಸುವ ಆಟ ಶುರುವಾಗಿದ್ದು 1999ರಲ್ಲಿ, ಅಮೆರಿಕದ ಫ್ಲಾರಿಡಾದಲ್ಲಿ, ಹೊಸ ಸಹಸ್ರಮಾನದ ಸಂಭ್ರಮಕ್ಕೆ ಅಂತ. ಕೆಲಸಗಾರರ ಕೊರಳಪಟ್ಟಿಯಲ್ಲಿರುವ ಪಿನ್ ಇಷ್ಟವಾದರೆ ನಮ್ಮದೊಂದು ಕೊಟ್ಟು ಅದನ್ನು ತೆಗೆದುಕೊಳ್ಳಬಹುದು. ದುಡ್ಡಿನ ಮಾತೇ ಇಲ್ಲ. ಅಪರಿಚಿತರ ಹತ್ತಿರ ಮಾತಾಡಲು ನಾಚುವ ಮಕ್ಕಳು ಕೂಡ ಪಿನ್ ಹಿಡಿದು ಮುಂದೆ ಹೋಗುತ್ತಾರೆ, ನನಗೆ ಅದರಲ್ಲಿ ಇಷ್ಟವಾಗುವುದೇ ಅದು. ಈಗ ಆನ್‌ಲೈನಿನಲ್ಲಿ ಕಿಲೋ ಲೆಕ್ಕದಲ್ಲಿ ಎಂಬಂತೆ ಅಗ್ಗಕ್ಕೆ ಸಿಗುವ ಗೊಂಚಲು ಪಿನ್ನುಗಳಲ್ಲಿ ನಕಲಿ ಜಾಸ್ತಿ. ಬಣ್ಣ ಗುಳಿ ಬಿದ್ದಿರುತ್ತದೆ, ಅಂಚು ಕೈಗೆ ತರಚುತ್ತದೆ, ತೂಕ ಕಡಿಮೆ. ನೀವು ಪಾರ್ಕಿನಲ್ಲೇ ಕೊಂಡದ್ದನ್ನು ದಯವಿಟ್ಟು ಅಂಥವುಗಳ ಜೊತೆ ಬೆರೆಸಬೇಡಿ.

ನಕ್ಷೆಯನ್ನಂತೂ ಜೋಪಾನ ಮಾಡಿ. ನೀವು ನೋಡಿದ ಆ ಕೋಟೆ ಈಗ ಹಾಗಿಲ್ಲ. 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ಮೊದಲ ಡಿಸ್ನಿಲ್ಯಾಂಡ್ ಕೋಟೆಯ ಹಾಗೆಯೇ ಹಾಂಗ್‌ಕಾಂಗಿನಲ್ಲೂ ಒಂದು ಪುಟ್ಟ ಕೋಟೆ ಇತ್ತು. 2018ರ ಜನವರಿಯಲ್ಲಿ ಅದನ್ನು ಮುಚ್ಚಿ, ಅದರ ಮೇಲೆಯೇ ಎತ್ತರಕ್ಕೆ ಬೇರೆ ಕೋಟೆ ಕಟ್ಟಿ 2020ರ ನವೆಂಬರ್‌ನಲ್ಲಿ ತೆರೆದರು. ಹಿನ್ನೆಲೆಯಲ್ಲಿ ಕೋಟೆ ಇರುವ ಫೋಟೋ ನಿಮ್ಮಲ್ಲಿದ್ದರೆ ಅದು ಹತ್ತಿಕೊಂಡಿರುವ ಜೋಡಿಯಲ್ಲಿ ಇಲ್ಲದಿರಲಿ ಅಂತ ನಾನೇ ಬೇಡಿಕೊಳ್ಳುತ್ತಿದ್ದೇನೆ.

ಬಿಡ್ಕಿಬೈಲು_ತೊಟ್ಟಿಲು:

ನಾನು ಶಿರಸಿ. ಕುಮಟೆಯವರ ಶೀತದ ಪಾಠ ಎಲ್ಲಾ ಸರಿ, ಆದರೆ ಕೊನೆಯ ಮಾತು ಒಪ್ಪಲ್ಲ. ಪುಸ್ತಕ ಮಗುವಿಗೆ ಕೊಡಿ ಅಕ್ಕಾ.

ನಮಗೆ ಮಾರಿಕಾಂಬಾ ಜಾತ್ರೆಯೇ ಡಿಸ್ನಿಲ್ಯಾಂಡ್. ಎರಡು ವರ್ಷಕ್ಕೊಮ್ಮೆ ಬರುತ್ತದೆ, ಹಾಗಾಗಿ ಮಕ್ಕಳಿಗೆ ಒಂದು ಜಾತ್ರೆಯಿಂದ ಇನ್ನೊಂದಕ್ಕೆ ಅರ್ಧ ಆಯುಷ್ಯ ಕಳೆದ ಹಾಗೆ. ದೇವಿ ಬಿಡ್ಕಿಬೈಲಿನ ಗದ್ದುಗೆಯಲ್ಲಿ ಕೂತಿರುತ್ತಾಳೆ, ಊರಿಗೆ ಊರೇ ಅಲ್ಲಿರುತ್ತದೆ, ತೊಟ್ಟಿಲು ಮೇಲೆ ಹೋದಾಗ ಪೇಟೆಯ ದೀಪ ಎಲ್ಲಾ ಕಾಣುತ್ತದೆ. ಪರದೆ ಮುಂದೆ ನಿಲ್ಲಿಸಿ ಫೋಟೋ ತೆಗೆಯುವವರು ಬರುತ್ತಿದ್ದರು. ಹಲಗೆಯ ಮೋಟಾರ್ ಸೈಕಲ್ ಮೇಲೆ ಅಪ್ಪ, ಹಿಂದೆ ಅಮ್ಮ, ಟ್ಯಾಂಕಿನ ಮೇಲೆ ನಾನು, ಆ ಫೋಟೋ ಇವತ್ತಿಗೂ ನಮ್ಮ ಮನೆ ಗೋಡೆಯಲ್ಲಿದೆ. ಜಾತ್ರೆಯಲ್ಲಿ ಕೊಂಡ ತಗಡಿನ ಬೋಟು ಮಾತ್ರ ಇಲ್ಲ. ಎಣ್ಣೆಬತ್ತಿ ಹಚ್ಚಿ ನೀರಲ್ಲಿ ಬಿಟ್ಟರೆ ಟುರ್‌ಟುರ್ ಅಂತ ಓಡುತ್ತದಲ್ಲ, ಅದು. ತಂಗಿ, ತಮ್ಮ, ಆಮೇಲೆ ಪಕ್ಕದ ಮನೆ ಮಕ್ಕಳು ಎಲ್ಲರೂ ಹಂಡೆಯಲ್ಲಿ ಬಿಟ್ಟು ಬಿಟ್ಟು ಅದು ಮುಗಿದೇ ಹೋಯಿತು. ಇಟ್ಟುಕೊಳ್ಳಬೇಕಿತ್ತು ಅಂತ ಒಂದು ದಿನವೂ ಅನಿಸಿಲ್ಲ. ಅದನ್ನು ಮಾಡಿದ್ದೇ ಆಡುವುದಕ್ಕೆ.

ನಿಮ್ಮ ಪುಸ್ತಕದಲ್ಲೂ ಖಾಲಿ ಪುಟ ಬಿಟ್ಟಿರುವುದು ಬರೆಸುವುದಕ್ಕೆ ತಾನೇ? ಒಂದೇ ಪುಸ್ತಕದಲ್ಲಿ ಅಮ್ಮನ ಗೂಫಿ, ಮಗಳ ಇನ್ಯಾರೋ ಇದ್ದರೆ ಅದರ ಬೆಲೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಮಾರುವ ಬೆಲೆ ಅಲ್ಲ ನಾನು ಹೇಳಿದ್ದು.

ಗುಣವಂತೆ_ಚೌಕಿ:

ಸಹಿ ಯಾರ ಹತ್ತಿರ ಹಾಕಿಸಲಿ ಅಂದರಲ್ಲ, ಆಟಕ್ಕೆ ಕರೆದುಕೊಂಡು ಬನ್ನಿ. ನಮ್ಮ ಹೊನ್ನಾವರ ಸೀಮೆಯಲ್ಲಿ ಯಕ್ಷಗಾನಕ್ಕೆ ಬರವಿಲ್ಲ. ಕೆರೆಮನೆಯವರ ಇಡಗುಂಜಿ ಮೇಳವೇ 1934ರಿಂದ ಇದೆ. ಮಳೆಗಾಲ ಕಳೆದು ಮೇಳಗಳು ಹೊರಟ ಮೇಲೆ ಒಂದಲ್ಲ ಒಂದು ಊರಲ್ಲಿ ಆಟ ಇದ್ದೇ ಇರುತ್ತದೆ.

ರಂಗಸ್ಥಳಕ್ಕಿಂತ ಮೊದಲು ಚೌಕಿ, ಅಂದರೆ ವೇಷ ಕಟ್ಟಿಕೊಳ್ಳುವ ಜಾಗ, ತೋರಿಸಿ. ಕಲಾವಿದರು ಕನ್ನಡಿ ಹಿಡಿದು ತಾವೇ ಮುಖಕ್ಕೆ ಬಣ್ಣ ಬರೆದುಕೊಳ್ಳುತ್ತಾರೆ. ಆಮೇಲೆ ಎದೆಕಟ್ಟು, ಭುಜಕೀರ್ತಿ, ಗೆಜ್ಜೆ. ಮುಂಡಾಸು ಕಟ್ಟುವಾಗ ಪಟ್ಟಿಯನ್ನು ಎಷ್ಟು ಬಿಗಿಯಾಗಿ ಸುತ್ತುತ್ತಾರೆ ಅಂದರೆ ಹಣೆಯ ನರ ಎದ್ದು ಕಾಣುತ್ತದೆ. ಚಾ ಕುಡಿಯುತ್ತಾ ಕೂತಿದ್ದ ಮನುಷ್ಯ ಎದ್ದು ನಿಲ್ಲುವಾಗ ಭೀಮನೋ ಕೀಚಕನೋ ಆಗಿರುತ್ತಾನೆ.

ಒಂದಿಷ್ಟು ಮರ್ಯಾದೆ ಇದೆ. ಚಪ್ಪಲಿ ಹೊರಗೆ ಬಿಡಬೇಕು, ಚೌಕಿಯಲ್ಲಿ ಗಣಪತಿ ಪೂಜೆ ಆಗುತ್ತದೆ. ಮೊದಲು ಮೇಳದವರನ್ನು ಕೇಳಿ ಒಳಗೆ ಹೋಗಿ. ಬಣ್ಣ ಬರೆಯುವಾಗ, ವೇಷ ಕಟ್ಟುವಾಗ ಸಹಿ, ಸೆಲ್ಫಿ ಅಂತ ಮಾತಾಡಿಸಬಾರದು. ವೇಷ ಮುಗಿಸಿ ಒಳಗೆ ಬಂದು ಸ್ವಲ್ಪ ದಣಿವಾರಿಸಿಕೊಂಡ ಮೇಲೆ ಕೇಳಿದರೆ ಖುಷಿಯಿಂದ ಮಾತಾಡುತ್ತಾರೆ. ಕಿರೀಟ ಮುಟ್ಟಲು ಮಗುವನ್ನು ಬಿಡಬೇಡಿ.

ಅಂಕೋಲೆ_ಟು_ಬೆಂಗಳೂರು:

ಗುಣವಂತೆಯವರೇ, ಒಂದು ಅನುಮಾನ. ಡಿಸ್ನಿಯಲ್ಲಿ ಅರ್ಧ ವೇಷದಲ್ಲಿ ಯಾರನ್ನೂ ಯಾವತ್ತೂ ತೋರಿಸುವುದಿಲ್ಲ. ಮುಖವಾಡದ ವೇಷದವರು ಮಾತೇ ಆಡುವುದಿಲ್ಲ, ಒಬ್ಬ ಪಾತ್ರದ ಸಹಿಯನ್ನು ಯಾರು ಹಾಕಿದರೂ ಒಂದೇ ಥರ ಇರುವ ಹಾಗೆ ಕಲಿಸಿರುತ್ತಾರೆ. ಮಗು ನಂಬಿದ್ದು ಒಡೆಯಬಾರದು ಅಂತ ಅಷ್ಟೆಲ್ಲಾ. ಕೊರೊನಾ ಬಂದಾಗ ಅಪ್ಪಿಕೊಳ್ಳುವುದು, ಸಹಿ ಎಲ್ಲಾ ನಿಲ್ಲಿಸಿ ದೂರದಿಂದಲೇ ಕೈ ಬೀಸುತ್ತಿದ್ದರು. ಫ್ಲಾರಿಡಾದಲ್ಲಿ 2022ರ ಏಪ್ರಿಲ್‌ನಲ್ಲಿ ಮತ್ತೆ ಶುರುವಾದಾಗ ದೊಡ್ಡವರೇ ಅಪ್ಪಿಕೊಂಡು ಅತ್ತರು. ಒಂದನೇ ಕ್ಲಾಸಿನ ಮಗು ಚೌಕಿ ನೋಡಿದರೆ ಆ ಮೋಡಿ ಹೋಗುವುದಿಲ್ವಾ?

ಗುಣವಂತೆ_ಚೌಕಿ:

ಹೋಗಲ್ಲ. ನಾನು ಚೌಕಿಯಲ್ಲೇ ನಿದ್ದೆ ಮಾಡಿ ಬೆಳೆದವನು. ಬಣ್ಣ ಹಚ್ಚಿಕೊಳ್ಳುವುದನ್ನು ಕಣ್ಣಾರೆ ಕಂಡಿದ್ದರೂ, ರಾಕ್ಷಸ ವೇಷ ಅಬ್ಬರ ಹಾಕಿ ಸಭೆಯ ಮಧ್ಯದಿಂದ ಬಂದಾಗ ಅಜ್ಜಿಯ ಸೆರಗಿನಲ್ಲಿ ಅಡಗಿದ್ದೇನೆ. ಯಾರು ಅಂತ ಗೊತ್ತಿದ್ದೂ ಹೆದರಿಕೆ ಆಗುತ್ತದೆ. ಎರಡೂ ಮಕ್ಕಳಿಗೆ ಒಟ್ಟಿಗೇ ಹಿಡಿಸುತ್ತದೆ, ದೊಡ್ಡವರಿಗೇ ಅದು ಕಷ್ಟ.

ಬಿಡ್ಕಿಬೈಲು_ತೊಟ್ಟಿಲು:

ಜಾತ್ರೆ ಇಲ್ಲದ ವರ್ಷ ಹೋಳಿಗೆ ಶಿರಸಿಗೆ ಬನ್ನಿ, ಬೇಡರ ವೇಷ ಇರುತ್ತದೆ. ಬೆನ್ನಿಗೆ ನವಿಲುಗರಿ, ಕೈಯಲ್ಲಿ ಕತ್ತಿ, ಹಗ್ಗ ಕಟ್ಟಿ ಹಿಂದಿನಿಂದ ಹಿಡಿದುಕೊಂಡಿರುತ್ತಾರೆ, ತಮಟೆ ಬಡಿತಕ್ಕೆ ರಾತ್ರಿ ಪೂರ್ತಿ ಕುಣಿತ. ಸಹಿ ಕೇಳುವ ಹಾಗಿಲ್ಲ. ಮಗು ಸಣ್ಣದು, ದೂರದಿಂದ ನೋಡಲಿ.

ಮುಂಬೈ_ಬಿಣಗಾ:

ನಮ್ಮದು ಮುಂಬೈಯ ಎಸ್ಸೆಲ್‌ವರ್ಲ್ಡ್ ಮನರಂಜನಾ ಪಾರ್ಕಿನ ಕಾಲ. ಕಾರವಾರದಿಂದ ರಜೆಗೆ ಮುಂಬೈ ಮಾವನ ಮನೆಗೆ ಹೋದರೆ ಗೊರಾಯಿಗೆ ಬೋಟಿನಲ್ಲಿ ದಾಟಿ ಹೋಗುವುದು, ಸಮುದ್ರದ ಮಕ್ಕಳಾದ ನಮಗೂ ಆ ಬೋಟೇ ಅರ್ಧ ಮಜಾ. 1989ರಲ್ಲಿ ಶುರುವಾಗಿ 2022ರಲ್ಲಿ ಮುಚ್ಚಿತು. ನನ್ನ ಹತ್ತಿರ ಉಳಿದದ್ದು ಒಂದು ಕೀ ಚೈನು. ಈಗ ಮಗನಿಗೆ ತೋರಿಸೋಣ ಅಂದರೆ ಜಾಗವೇ ಇಲ್ಲ, ಅದಕ್ಕೇ ಹೇಳುತ್ತೇನೆ, ಕುಮಟೆಯವರ ಮಾತು ಕೇಳಿ ಸಹಿ ಇರುವ ಪುಟಗಳನ್ನಾದರೂ ಕಾಪಾಡಿ.

ಕೋಡಿಬಾಗ_ಕಡಲು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹತ್ತಿಕೊಂಡ ಫೋಟೋದಲ್ಲಿ ಕೋಟೆ ಇಲ್ಲ, ಅದು ಹೋಟೆಲಿನಲ್ಲಿ ಊಟ ಮಾಡುವಾಗಿನದು. ಅಮ್ಮ ಕೋಟೆಯ ಮುಂದೆ ಸೀರೆಯ ಮೇಲೆ ಮಿಕ್ಕಿ ಕಿವಿಯ ಟೋಪಿ ಹಾಕಿಕೊಂಡು ನಿಂತ ಫೋಟೋ ಚೆನ್ನಾಗಿಯೇ ಇದೆ, ನಿನ್ನೆಯೇ ಸ್ಕ್ಯಾನ್ ಮಾಡಿಸಿದೆ.

ಪುಸ್ತಕ ಮಗಳಿಗೆ ಕೊಡುತ್ತೇನೆ. ಸಹಿ ಇರುವ ಪುಟಗಳ ನಡುವೆ ಬೆಣ್ಣೆ ಕಾಗದ ಇಟ್ಟು, ಆಟಕ್ಕೆ ಹೋಗುವಾಗ ಮಾತ್ರ ಹೊರಗೆ, ಉಳಿದ ದಿನ ಡಬ್ಬದಲ್ಲಿ. ಸಿಲಿಕಾ ಜೆಲ್ ನೀಲಿ, ಕಿತ್ತಳೆ ಎರಡು ಬಣ್ಣದ್ದು ಕಾಣಿಸುತ್ತಿದೆ, ಯಾವುದು ತರಲಿ? ಮನೆಯಲ್ಲಿ ಮಗು ಇದೆ.

ಕುಮಟೆ_ಹಳೇಕಾಗದ:

ಕಿತ್ತಳೆ ತನ್ನಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಮಕ್ಕಳ ಕೈಗೆ ಒಳ್ಳೆಯದಲ್ಲ. ಕಿತ್ತಳೆಯದು ನೀರು ಹೀರಿದ ಮೇಲೆ ಹಸಿರಾಗುತ್ತದೆ. ಆಗ ಓವನ್ನಿನಲ್ಲಿ ಸಣ್ಣ ಬಿಸಿಗೆ ಒಣಗಿಸಿದರೆ ಮತ್ತೆ ಕಿತ್ತಳೆಗೆ ಬರುತ್ತದೆ, ಹಾಗೆಯೇ ಬಳಸಬಹುದು. ಮಳೆಗಾಲದಲ್ಲಿ ಬೇಗ ಹಸಿರಾಗುತ್ತದೆ, ವಾರಕ್ಕೊಮ್ಮೆ ನೋಡುತ್ತಿರಿ. ಬೆಣ್ಣೆ ಕಾಗದದ ಬದಲು ಆಸಿಡ್ ಇಲ್ಲದ ಟಿಶ್ಯೂ ಕಾಗದ ಸಿಕ್ಕರೆ ಅದನ್ನೇ ಹಾಕಿ.