ಮೋಡವಿಲ್ಲದ ದಿನವೂ ಬೆಳಗ್ಗೆ ಕಡಿಮೆ, ಸಂಜೆ ಜಾಸ್ತಿ: ಪೈರನೋಮೀಟರ್ ಲೆಕ್ಕ ಎಲ್ಲಿ ತಪ್ಪುತ್ತಿದೆ?

ಬಿಸಿಲೂರು (ಜೇವರ್ಗಿ):
ಇಲ್ಲೇ ಹತ್ತಿರದ 5 ಮೆಗಾವ್ಯಾಟ್ ಸೋಲಾರ್ ಪ್ಲಾಂಟ್‌ನಲ್ಲಿ ಕೆಲಸ. ಮೋಡ ಹಾದುಹೋದಾಗ ಬಿಸಿಲು ಎಷ್ಟು ಏರಿಳಿಯುತ್ತದೆ ಅಂತ ಮಾಡೆಲ್ ಮಾಡುತ್ತಿದ್ದೇನೆ. ಪೈರನೋಮೀಟರ್ (ಬಿಸಿಲಿನ ತೀವ್ರತೆ ಅಳೆಯುವ ಉಪಕರಣ) ಅಳೆದ ಬಿಸಿಲನ್ನು ಕ್ಲಿಯರ್ ಸ್ಕೈ ಮಾಡೆಲ್‌ನ, ಅಂದರೆ ಮೋಡವೇ ಇಲ್ಲದಿದ್ದರೆ ಎಷ್ಟು ಬೀಳಬೇಕು ಅನ್ನುವ ಲೆಕ್ಕದ, ಬಿಸಿಲಿನಿಂದ ಭಾಗಿಸಿದರೆ ಮೋಡವಿಲ್ಲದ ದಿನ 1ರ ಹತ್ತಿರ ಬರಬೇಕು, ಅಲ್ವಾ? ಈ ಫೆಬ್ರವರಿಯಲ್ಲಿ ಆಕಾಶ ತೊಳೆದಿಟ್ಟ ಹಾಗಿದೆ, ಆದರೂ ಬೆಳಗ್ಗೆ 9ಕ್ಕೆ 0.93, ಸಂಜೆ 4ಕ್ಕೆ 1.06. ದಿನಾ ಇದೇ ಕಥೆ. ಗಾಜು ಒರೆಸಿದೆ, ಕೇಬಲ್ ಬದಲಿಸಿದೆ, ಉಪಯೋಗ ಆಗಲಿಲ್ಲ.

ಇನ್ನೊಂದು. ಕಳೆದ ಜುಲೈನಲ್ಲಿ ಒಂದು ಮಧ್ಯಾಹ್ನ ಚದರ ಮೀಟರಿಗೆ 1,240 ವ್ಯಾಟ್ ತೋರಿಸಿದೆ. 1,100 ದಾಟಿದ್ದನ್ನೆಲ್ಲ ತಪ್ಪು ರೀಡಿಂಗ್ ಅಂತ ಅಳಿಸಿದ್ದೇನೆ. ಸರಿ ತಾನೇ?

ತೊಗರಿಹೊಲ (ಸೇಡಂ):
ಮೊದಲು ಟೈಮ್ ನೋಡಿ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಕಲಬುರಗಿ ಇರುವುದು 76.8ರಲ್ಲಿ. ಡಿಗ್ರಿಗೆ 4 ನಿಮಿಷದಂತೆ ಇಲ್ಲಿ ಸೂರ್ಯ ಗಡಿಯಾರಕ್ಕಿಂತ ಸುಮಾರು 23 ನಿಮಿಷ ಹಿಂದೆ. ಸೂರ್ಯನ ಗತಿ ವರ್ಷವಿಡೀ ಒಂದೇ ಸಮ ಇರುವುದಿಲ್ಲ, ಹಾಗಾಗಿ ಫೆಬ್ರವರಿ ಮಧ್ಯದಲ್ಲಿ ಇನ್ನೂ 14 ನಿಮಿಷ ಸೇರುತ್ತದೆ. ಅಂದರೆ ಸೂರ್ಯ ಅತಿ ಎತ್ತರಕ್ಕೆ ಬರುವುದು 12:37ರ ಸುಮಾರಿಗೆ. ಮಾಡೆಲ್‌ನಲ್ಲಿ ಇದು ಬಿಟ್ಟುಹೋಗಿದೆಯಾ?

ಕೋಟೆಗಾಳಿ (ಬೀದರ್):
23 ನಿಮಿಷ ಬಿಟ್ಟುಹೋಗಿದ್ದರೆ ವ್ಯತ್ಯಾಸ ಇದಕ್ಕಿಂತ ಜಾಸ್ತಿ ಇರುತ್ತಿತ್ತು. ಪೈರನೋಮೀಟರ್ ಪಶ್ಚಿಮಕ್ಕೆ ವಾಲಿದೆ ಅಂತ ನನ್ನ ಗುಮಾನಿ. ಟೈಮ್ ತಪ್ಪಿದ್ದರೆ ಬೆಳಗ್ಗೆ ರೀಡಿಂಗ್ ಶುರುವಾಗುವ ಹೊತ್ತು, ಸಂಜೆ ಮುಗಿಯುವ ಹೊತ್ತು, ಎರಡೂ ಒಂದೇ ಕಡೆಗೆ ಸರಿದಿರುತ್ತವೆ. ವಾಲಿದ್ದರೆ ಅವು ಹೆಚ್ಚುಕಡಿಮೆ ಸರಿಯಾಗೇ ಇದ್ದು, ನಡುವಿನ ಅಂಕಿ ಮಾತ್ರ ಕೆಡುತ್ತದೆ. ಮಧ್ಯಾಹ್ನದ ಗರಿಷ್ಠ ನೋಡಿ ತೀರ್ಮಾನ ಮಾಡಬೇಡಿ, ಅದು ಎರಡರಲ್ಲೂ ಸರಿಯುತ್ತದೆ.

1,240 ಅಳಿಸಬೇಡಿ, ದಯವಿಟ್ಟು! ಸೂರ್ಯ ಮೋಡದ ಅಂಚಿನಲ್ಲಿ ಇಣುಕಿದಾಗ ನೇರ ಬಿಸಿಲೂ ಬೀಳುತ್ತದೆ, ಮೋಡ ಚದುರಿಸಿದ ಬೆಳಕೂ ಬಂದು ಸೇರುತ್ತದೆ. ಕೆಲವು ಸೆಕೆಂಡ್ ಹಾಗೆ ಏರುವುದು ನಿಜವಾದ ಬಿಸಿಲೇ. ನೀವು ಅಳೆಯಲು ಹೊರಟಿದ್ದು ಅದನ್ನೇ ಅಲ್ವಾ?

ಬಿಸಿಲೂರು:
ಸೂರ್ಯೋದಯ ಸರಿಯಾಗಿ ಹೊಂದಿತು. ಟೈಮ್ ಅಲ್ಲ. ಕಂಬದ ಹತ್ತಿರ ಹೋಗಿ ನೋಡಿದೆ, ಮಟ್ಟದ ಗುಳ್ಳೆ ಪೂರ್ವದ ಅಂಚಿಗೆ ಅಂಟಿಕೊಂಡಿದೆ. ಪೂರ್ವ ಬದಿ ಎತ್ತರ, ಮುಖ ಪಶ್ಚಿಮಕ್ಕೆ. ಅಳೆದರೆ ಬರೀ 3 ಡಿಗ್ರಿ. ಕಂಬದ ಬುಡದಲ್ಲಿ ಬೆರಳು ತೂರುವಷ್ಟು ಬಿರುಕು. ಇದು ಎರೆ ಭೂಮಿ, ಮಳೆಗಾಲದಲ್ಲಿ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ, ಬುನಾದಿ ಹಾಕಿದ್ದು ಬರೀ ಒಂದೂವರೆ ಅಡಿ. ಮಟ್ಟ ಸರಿ ಮಾಡಿದ ಮೇಲೆ ಇವತ್ತು ಬೆಳಗ್ಗೆ 0.99, ಸಂಜೆ 1.00. ತುಂಬಾ ಖುಷಿಯಾಯಿತು.

ಆದರೆ ಜುಲೈ ಡೇಟಾ ವಾಪಸ್ ಹಾಕಿದರೆ ಮಾಡೆಲ್ ಪ್ಲಾಂಟ್ ಔಟ್‌ಪುಟ್ ಐದಾರು ಸೆಕೆಂಡಲ್ಲಿ ಬಿದ್ದುಹೋಗುತ್ತದೆ ಅನ್ನುತ್ತದೆ. ಇನ್ವರ್ಟರ್‌ಗಳು (ಪ್ಯಾನೆಲ್‌ನ ಡಿಸಿ ಕರೆಂಟನ್ನು ಎಸಿ ಮಾಡುವ ಯಂತ್ರಗಳು) ತೋರಿಸುವ ಒಟ್ಟು ಲೆಕ್ಕ ಹಾಗೆ ಬೀಳುವುದಿಲ್ಲ.

ಕೋಟೆಗಾಳಿ:
ಪೈರನೋಮೀಟರ್ ಒಂದು ಚುಕ್ಕೆ, ಪ್ಲಾಂಟ್ ಒಂದು ಹೊಲ. ನಿಮ್ಮ ಪ್ಲಾಂಟ್ ಒಂದು ಬದಿ ಸುಮಾರು 300 ಮೀಟರ್ ಅನ್ನಿ. ನೆರಳು ಸೆಕೆಂಡಿಗೆ 10 ಮೀಟರ್ ಸಾಗಿದರೂ ದಾಟಲು 30 ಸೆಕೆಂಡ್ ಬೇಕು. ಸುಮ್ನೆ ಪೈರನೋಮೀಟರ್ ರೀಡಿಂಗಿನ 30 ಸೆಕೆಂಡಿನ ಸರಾಸರಿ ತೆಗೆದು ಇನ್ವರ್ಟರ್ ಲೆಕ್ಕದ ಜೊತೆ ಇಟ್ಟು ನೋಡಿ, ಆಮೇಲೆ ಗಾಳಿಯ ವೇಗ ಸೇರಿಸಿದರಾಯಿತು. ಕಂಬಕ್ಕೆ ಮಾತ್ರ ಮಳೆಗಾಲದ ಮುಂಚೆ ಆಳದ ಬುನಾದಿ ಹಾಕಿಸಿ. ಜುಲೈನಲ್ಲೇ ವಾಲಿತ್ತಾ ಇಲ್ವಾ ಅಂತಾನೂ ಆ ತಿಂಗಳ ಮೋಡವಿಲ್ಲದ ಒಂದೆರಡು ಗಂಟೆ ಹುಡುಕಿ ಪರೀಕ್ಷಿಸಿ.