ಗೋವಿನಜೋಳದ ದಿಂಡು ನುಂಗಿದ ನಾಯಿ: ವಾಂತಿ ನಿಂತಿದೆ, ಊಟ ಮಾತ್ರ ಮುಟ್ಟುತ್ತಿಲ್ಲ

ತೋಟದಮನೆ ಮುಧೋಳ (ಗುರುವಾರ, ಸಂಜೆ 4:10)
ನಮಸ್ಕಾರ. ನಮ್ಮದು ಎರಡು ವರ್ಷದ ಮುಧೋಳ ಹೆಣ್ಣು ನಾಯಿ, 22 ಕೆಜಿ. ರವಿವಾರ ತೋಟದಲ್ಲಿ ಗೋವಿನಜೋಳ ಸುಟ್ಟು ತಿಂದೆವು. ಮಕ್ಕಳು ದಿಂಡುಗಳನ್ನು ಎಲ್ಲೆಂದರಲ್ಲಿ ಎಸೆದಿದ್ದರು. ಮಂಗಳವಾರ ವಾಂತಿ ಶುರುವಾಯಿತು. ಮೊದಲು ರೊಟ್ಟಿ, ಆಮೇಲೆ ಹಳದಿ ನೀರು, ಕೊನೆಗೆ ಕುಡಿದ ನೀರೂ ಹೊರಗೆ. ನಿನ್ನೆ ಇಂಜೆಕ್ಷನ್ ಮಾಡಿಸಿದೆ, ರಾತ್ರಿಯಿಂದ ವಾಂತಿ ಇಲ್ಲ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ ಅಂದರು. ಆದರೆ ಇವತ್ತು ಮೊಟ್ಟೆ ಇಟ್ಟರೂ ಮೂಸಿ ಮುಖ ತಿರುಗಿಸುತ್ತಿದೆ. ಬೆಳಿಗ್ಗೆ ಸ್ವಲ್ಪ ಲೋಳೆಯಂಥ ಸಂಡಾಸ ಮಾಡಿದೆ. ಅಂದ್ರೆ ಕರುಳು ಕಟ್ಟಿಲ್ಲ ಅಲ್ವಾ? ಅವ್ವ ಔಡಲೆಣ್ಣೆ ಕುಡಿಸು ಅನ್ನುತ್ತಿದ್ದಾಳೆ.

ಬಾದಾಮಿ ಹುಡುಗ (4:25)
ಉಪ್ಪು ನೀರು ಕುಡಿಸಿ ಅಣ್ಣ, ಎಲ್ಲಾ ಕಕ್ಕುತ್ತದೆ.

ಜಮಖಂಡಿ ಅಕ್ಕ (4:40)
ಉಪ್ಪು ನೀರೂ ಬೇಡ, ಔಡಲೆಣ್ಣೆಯೂ ಬೇಡ. ಉಪ್ಪು ಜಾಸ್ತಿಯಾದರೆ ನಾಯಿಗೆ ಅದೇ ವಿಷ. ಇನ್ನು ಕಟ್ಟಿಕೊಂಡ ಕರುಳಿಗೆ ಎಣ್ಣೆ ಕೊಟ್ಟು ಹಿಂಡಿಸಿದರೆ ಕರುಳೇ ಹರಿಯಬಹುದು.

ಇಂಜೆಕ್ಷನ್ ನಿಲ್ಲಿಸಿದ್ದು ವಾಂತಿಯನ್ನು. ದಿಂಡು ಇದ್ದಲ್ಲೇ ಇರಬಹುದಲ್ಲ! ನಾನೂ ಹೀಗೇ ಮೋಸ ಹೋದವಳು. ನಮ್ಮ ಗಂಡು ನಾಯಿ ಮಾವಿನ ವಾಟೆ ನುಂಗಿತ್ತು. ವಾಂತಿ ನಿಂತಿತು ಅಂತ ಒಂದು ದಿನ ಸುಮ್ನೆ ಕೂತೆ. ಹೊಟ್ಟೆ ತೆರೆದಾಗ ವಾಟೆ ಒತ್ತಿದ ಜಾಗದಲ್ಲಿ ಕರುಳು ಕಪ್ಪಾಗಿತ್ತು. ಅಷ್ಟನ್ನು ಕತ್ತರಿಸಿ ತೆಗೆದು ಎರಡೂ ತುದಿ ಸೇರಿಸಿ ಹೊಲಿದರು.

ಸಂಡಾಸ ಆಯಿತು ಅಂತಲೂ ನಂಬಬೇಡಿ. ತಡೆಯ ಆಚೆ ಮೊದಲೇ ಇದ್ದದ್ದು ಬರುತ್ತದೆ. ಅರ್ಧ ಕಟ್ಟಿದ್ದರೆ ಭೇದಿಯೂ ಆಗಬಹುದು. ಎಕ್ಸ್‌ರೇಯಲ್ಲಿ ಕಲ್ಲು, ತಗಡು, ಎಲುಬು ಎದ್ದು ಕಾಣುತ್ತವೆ. ದಿಂಡು, ಬಟ್ಟೆ ಎಷ್ಟೋ ಸಲ ಕಾಣುವುದೇ ಇಲ್ಲ. ತಡೆಯ ಹಿಂದೆ ಕರುಳು ಗಾಳಿ ತುಂಬಿ ಉಬ್ಬಿದೆಯಾ ಅಂತ ನೋಡಬೇಕು, ಹೊಟ್ಟೆಯ ಸ್ಕ್ಯಾನ್ ಆಗಬೇಕು.

ಈಗ ಎರಡು ನೋಡಿ ಹೇಳಿ. ತುಟಿ ಎತ್ತಿ ವಸಡಿಗೆ ಬೆರಳು ಒತ್ತಿ ಬಿಡಿ. ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ವಸಡು ಅಂಟುತ್ತಿದೆಯಾ, ಜಾರುತ್ತಿದೆಯಾ? ಅಂಟಿದರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಅಂತ. ಅದನ್ನು ತಿಳಿಯಲು ಕೆಲವರು ಚರ್ಮ ಎಳೆದು ನೋಡಿ ಅನ್ನುತ್ತಾರೆ. ಒಣಕಲು ಮೈಯ ನಾಯಿಯಲ್ಲಿ ಅದು ಅಷ್ಟು ಸರಿಯಾಗಿ ಗೊತ್ತಾಗುವುದಿಲ್ಲ. ಎರಡನೆಯದು, ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಎತ್ತಿ ನಿಲ್ಲುತ್ತಿದೆಯಾ? ಅದು ಮೈ ಮುರಿಯುವುದಲ್ಲ, ಹೊಟ್ಟೆನೋವು ಇರಬಹುದು.

ತೋಟದಮನೆ ಮುಧೋಳ (5:05)
ವಸಡು ಅಂಟಂಟು, ಬೆರಳಿಗೆ ಹತ್ತಿಕೊಳ್ಳುತ್ತಿದೆ. ಕೆಂಪಾಗಲು ಮೂರು ಸೆಕೆಂಡಿಗಿಂತ ಜಾಸ್ತಿ. ಅಕ್ಕಾ, ಮಧ್ಯಾಹ್ನದಿಂದ ಎರಡು ಸಲ ನೀವು ಹೇಳಿದ ಹಾಗೇ ನಿಂತಿತ್ತು. ಆಟಕ್ಕೆ ಕರೆಯುತ್ತಿದೆ ಅಂದುಕೊಂಡು ಮಗಳು ಚೆಂಡು ಎಸೆದಳು. ಅದು ತಿರುಗಿಯೂ ನೋಡಲಿಲ್ಲ.

ಜಮಖಂಡಿ ಅಕ್ಕ (5:08)
ನಾಳೆಗೆ ಇಡಬೇಡಿ. ಸ್ಕ್ಯಾನ್, ಆಪರೇಷನ್ ಎರಡೂ ಇರುವ ಕಡೆ ಫೋನ್ ಮಾಡಿ ಈಗಲೇ ಹೊರಡಿ. ಬಾಯಿಗೆ ಏನೂ ಹಾಕಬೇಡಿ, ಎಳನೀರೂ ಬೇಡ. ಇಂಜೆಕ್ಷನ್ ಚೀಟಿ, ಎಕ್ಸ್‌ರೇ ಜೊತೆಗಿರಲಿ. "ವಾಂತಿ ನಿಂತದ್ದು ಇಂಜೆಕ್ಷನ್ ಆದ ಮೇಲೆ" ಅಂತ ಮೊದಲೇ ಹೇಳಿ. ನುಂಗಿದ್ದು ದಾರವೋ ಬಟ್ಟೆಯೋ ಆಗಿ ಬಾಯಲ್ಲೋ ಹಿಂದೆಯೋ ತುದಿ ಕಂಡರೂ ಎಳೆಯಬಾರದು, ಒಳಗೆ ಕರುಳನ್ನು ಕೊಯ್ಯುತ್ತದೆ. ಇದು ಬೇರೆ ಓದುವವರಿಗೆ.

ತೋಟದಮನೆ ಮುಧೋಳ (ಶುಕ್ರವಾರ, ಬೆಳಿಗ್ಗೆ 9:30)
ರಾತ್ರಿಯೇ ಬೆಳಗಾವಿಗೆ ತಂದೆವು. ಯರಗಟ್ಟಿ ದಾಟುವಾಗ ಕಾರಿನಲ್ಲೇ ಮತ್ತೆ ವಾಂತಿ, ಕೆಟ್ಟ ನಾತ. ಸ್ಕ್ಯಾನ್‌ನಲ್ಲಿ ಸಣ್ಣ ಕರುಳಿನಲ್ಲಿ ತಡೆ ಕಂಡಿತು. ಮೊದಲು ಸಲೈನ್ ಏರಿಸಿದರು, ನಂತರ ಆಪರೇಷನ್. ಹೆಬ್ಬೆರಳುದ್ದದ ದಿಂಡಿನ ತುಂಡು! ಹೊಟ್ಟೆಯಲ್ಲಿ ಇನ್ನೊಂದು ಇತ್ತಂತೆ, ಅದನ್ನೂ ತೆಗೆದರು. ಕರುಳು ಕತ್ತರಿಸುವ ಪ್ರಸಂಗ ಬರಲಿಲ್ಲ. ಕಣ್ಣು ಬಿಟ್ಟಿದೆ, ಬಾಲ ಇನ್ನೂ ಆಡಿಸಿಲ್ಲ.

ಜಮಖಂಡಿ ಅಕ್ಕ (9:42)
ಸದ್ಯ! ಇನ್ನು ಐದು ದಿನ ಹುಷಾರು. ಒಳಗಿನ ಹೊಲಿಗೆ ಸೋರುವುದಿದ್ದರೆ ಹೆಚ್ಚಾಗಿ ಈ ದಿನಗಳಲ್ಲೇ. ಜ್ವರ, ಮತ್ತೆ ವಾಂತಿ, ಹೊಟ್ಟೆ ಬಿಗಿತ, ಒಮ್ಮೆಲೇ ಮಂಕಾಗುವುದು, ಇದರಲ್ಲಿ ಒಂದು ಕಂಡರೂ ವಾಪಸ್ ಓಡಿ. ಊಟ ಡಾಕ್ಟರ್ ಹೇಳಿದಾಗ, ಹೇಳಿದಷ್ಟೇ. ಅವ್ವನಿಗೆ ಮೊದಲೇ ಹೇಳಿಡಿ, ಪ್ರೀತಿಗೆ ಅಂತ ರೊಟ್ಟಿ ಹಾಕಿಬಿಟ್ಟಾರು.

ಬಾದಾಮಿ ಹುಡುಗ (10:15)
ಉಪ್ಪು ನೀರಿನ ಮಾತು ತಪ್ಪಾಯ್ತು ಅಣ್ಣ. ನಮ್ಮ ಮನೆಯಲ್ಲಿ ಹಾಗೇ ಮಾಡುತ್ತಿದ್ದರು.

ತೋಟದಮನೆ ಮುಧೋಳ (10:20)
ಇರಲಿ ತಮ್ಮಾ. ನಾನೂ ಎಣ್ಣೆ ಬಾಟಲಿ ಕೈಯಲ್ಲಿ ಹಿಡಿದೇ ಇಲ್ಲಿ ಕೇಳಿದ್ದು.