ವರ್ತಕರ ಸಂಘದಿಂದ ವರ್ಷಾವರ್ಷ ಪ್ರಶಸ್ತಿ ಕೊಡೋಣ ಅಂತಿದೀವಿ, ಜಗಳ ಇಲ್ದೆ ಆಯ್ಕೆ ಮಾಡೋದ್ ಹೆಂಗೆ?

ಕಿರಾಣಿ_ಅಂಗಡಿ:
ಎಲ್ರಿಗೂ ನಮಸ್ಕಾರ. ನಮ್ದು ಚಿತ್ರದುರ್ಗದ ಕಡೆ ಒಂದು ತಾಲ್ಲೂಕು ಕೇಂದ್ರ. ಈ ವರ್ಷ ವರ್ತಕರ ಸಂಘಕ್ಕೆ ನಾನೇ ಸೆಕ್ರೆಟ್ರಿ (ಬೇರೆ ಯಾರೂ ಒಪ್ಲಿಲ್ಲ, ಅದಕ್ಕೆ). ಮೊನ್ನೆ ಮೀಟಿಂಗಲ್ಲಿ ರಾಜ್ಯೋತ್ಸವದ ಟೈಮಿಗೆ ಊರಲ್ಲಿ ನಿಯತ್ತಾಗಿ ವ್ಯಾಪಾರ ಮಾಡ್ಕೊಂಡ್ ಬಂದಿರೋ ಇಬ್ರಿಗೆ, ಸಂಬಳ ಗಿಂಬಳ ಇಲ್ದೆ ಊರ ಕೆಲ್ಸಕ್ಕೆ ಓಡಾಡೋ ಇಬ್ರಿಗೆ ಪ್ರಶಸ್ತಿ ಕೊಡೋಣ, ಪ್ರತಿ ವರ್ಷ ಕೊಡೋಣ ಅಂತ ತೀರ್ಮಾನ ಆಯ್ತು. ಆಗಿದ್ದೇ ತಡ ಶುರು ನೋಡಿ. ಗಣೇಶೋತ್ಸವಕ್ಕೆ ಐವತ್ ಸಾವಿರ ಕೊಟ್ಟಿರೋ ಬಟ್ಟೆ ಅಂಗಡಿಯವ್ರಿಗೆ ಮೊದ್ಲು ಅಂತ ಒಬ್ರು, ಹಂಗಾದ್ರೆ ಮಂಡಿ ಕಡೆಯವ್ರಿಗೊಂದು ಅಂತ ಇನ್ನೊಬ್ರು, ಆಮೇಲೆ ಜಾತಿಗೊಂದು, ಓಣಿಗೊಂದು. ನಾಲ್ಕ್ ಇದ್ದಿದ್ದು ಅರ್ಧ ಗಂಟೇಲಿ ಹದಿನೇಳಾಯ್ತು.

ನನ್ ಮನಸಲ್ಲಿರೋರೇ ಬೇರೆ. ಬಸ್ ಸ್ಟ್ಯಾಂಡ್ ಹಿಂದೆ ಸೈಕಲ್ ಶಾಪ್ ಇಟ್ಕೊಂಡಿರೋ ಯಜಮಾನ್ರು ಒಬ್ರಿದಾರೆ. ಸ್ಕೂಲ್ ಮಕ್ಳ ಪಂಚರ್‌ಗೆ ದುಡ್ಡು ಕೇಳಲ್ಲ. ಅವ್ರ ಶಟರ್ ಒಳಗಡೆ ಸೀಮೆಸುಣ್ಣದಲ್ಲಿ ಬರೀ ಬ್ಲಡ್ ಗ್ರೂಪು, ಫೋನ್ ನಂಬರು. ರಕ್ತ ಬೇಕು ಅಂತ ರಾತ್ರಿ ಎರಡು ಗಂಟೇಲಿ ಫೋನ್ ಮಾಡಿದ್ರೂ ಎದ್ದು, ಟಾರ್ಚ್ ಬಿಟ್ಟು, ನೋಡಿ ಹೇಳ್ತಾರೆ. ಇವ್ರ ಹೆಸರು ಹದಿನೇಳರಲ್ಲೂ ಇಲ್ಲ! ಆಯ್ಕೆ ಹೆಂಗ್ ಮಾಡ್ಬೇಕು, ಇಂಥದ್ದು ಮಾಡಿ ಅನುಭವ ಇರೋರು ಹೇಳಿ.

ಧಾರವಾಡ_ಪೇಡೆ:
ಸೆಕ್ರೆಟ್ರಿ ಸಾಹೇಬ್ರ, ಹದಿನೇಳ ಅಂದ್ರ ಕಡಿಮೀನ ಆತ್ ಬಿಡ್ರಿ. ಸರ್ಕಾರದ ರಾಜ್ಯೋತ್ಸವ ಪ್ರಶಸ್ತಿ ಒಂದ್ ಕಾಲಕ್ಕ ನೂರರ ಮ್ಯಾಲ ಹೋಗಿತ್ತು. ಈಗ ಎಷ್ಟನೇ ರಾಜ್ಯೋತ್ಸವನೋ ಅಷ್ಟ ಮಂದಿಗೆ ಅಂತ ಮಾಡ್ಯಾರ, 2024ರಾಗ 69, 2025ರಾಗ 70. ಐದ್ ಲಕ್ಷ ರೊಕ್ಕ, 25 ಗ್ರಾಂ ಬಂಗಾರದ ಪದಕ ಅಂದ್ಮ್ಯಾಲ ಲಾಬಿ ಇರೂದ. ನೀವೂ ನಾಕು ಅಂದ್ರ ನಾಕ ಅಂತ ಬೈಲಾದಾಗ ಬರದ್ ಬಿಡ್ರಿ, ಐದನೇದ್ ಕೇಳಾಕ ಬಂದವ್ರಿಗೆ ಬೈಲಾ ತೋರಸ್ರಿ.

ಇನ್ನೊಂದ್ ಮಾತು. ನಮ್ಮ ಕಾಕಾಗ ಒಂದ್ ಊರಾಗ ಸನ್ಮಾನ ಇತ್ತು. ಐದಕ್ಕ ಬರ್ರಿ ಅಂದ್ರು, ನಾವೆಲ್ಲಾ ಇಸ್ತ್ರಿ ಅಂಗಿ ಹಾಕ್ಕೊಂಡ್ ಹೋಗಿ ಕುಂತ್ವಿ. ವೇದಿಕಿ ಮ್ಯಾಲ ಇಪ್ಪತ್ತೆರಡ ಕುರ್ಚಿ, ಒಬ್ಬೊಬ್ರದು ಭಾಷಣ, ಒಬ್ಬೊಬ್ರಿಗೂ ಹಾರ. ಕಾಕಾನ ಪಾಳಿ ಬಂದಾಗ ಹತ್ತೂವರಿ, ಪೆಂಡಾಲದಾಗ ನಾವು ಮನಿಮಂದಿ, ಮೈಕ್ ಸೆಟ್ಟಿನವಾ, ಅಷ್ಟ. ನಿರೂಪಕ ಅಡ್ಡಹೆಸರು ತಪ್ಪ್ ಓದಿದ, ಶಾಲ್ ಹೊಚ್ಚಿದ್ರು, ಫೋಟೋ ಹೊಡದ್ರು, ಮುಗೀತು, ಕಾಕಾ ಏನ್ ಮಾಡ್ಯಾನ ಅಂತ ಒಬ್ರೂ ಹೇಳಲಿಲ್ಲ. ಮರುದಿನ ಸಂಘದವ್ರ ಫೋನು, "ಖರ್ಚ್ ಭಾಳ ಆತ್ರಿ, ಏನರ ದೇಣಿಗಿ ಕೊಡ್ರಿ" ಅಂತ. ಆ ಶಾಲ್ ಈಗ ನಮ್ಮನ್ಯಾಗ ಮಿಕ್ಸರ್ ಮ್ಯಾಲ ಹೊಚ್ಚೇವಿ.

ಕುಡ್ಲ_ಬಸ್ಸು:
ಧಾರವಾಡದವರು ಹೇಳಿದ್ದು ಸತ್ಯ, ನಮ್ಮಲ್ಲಿಯೂ ಇದೇ ಕತೆ ಮಾರಾಯ್ರೆ. ಆದ್ರೆ ಆಯ್ಕೆ ವಿಷಯದಲ್ಲಿ ನಂದೊಂದು ಉಂಟು. ಅರ್ಜಿ ಕರೀಲೇಬೇಡಿ. ನಮ್ಮ ಹರೇಕಳ ಹಾಜಬ್ಬರನ್ನು ನೋಡಿ, ಮಂಗಳೂರಿನಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಮಾರಿದ ದುಡ್ಡಲ್ಲಿ ನ್ಯೂಪಡ್ಪುವಿನಲ್ಲಿ ಶಾಲೆ ಮಾಡಿದವರು. 2020ರ ಜನವರಿಯಲ್ಲಿ ಪದ್ಮಶ್ರೀ ಬಂತು ಅಂತ ಫೋನ್ ಬರುವಾಗ ಅವರು ರೇಷನ್ ಅಂಗಡಿಯ ಕ್ಯೂನಲ್ಲಿ ನಿಂತಿದ್ದರು. ಅಂಥವರು ಬಯೋಡೇಟಾ ಹಿಡ್ಕೊಂಡು ನಿಮ್ಮ ಸಂಘದ ಬಾಗಿಲಿಗೆ ಬರ್ತಾರಾ? ಬೇರೆಯವರೇ ಹೇಳಬೇಕು. ಪದ್ಮ ಪ್ರಶಸ್ತಿಗೇ ಈಗ ಯಾರು ಬೇಕಾದ್ರೂ ಇನ್ನೊಬ್ಬರ ಹೆಸರು ಆನ್‌ಲೈನಲ್ಲಿ ಕಳಿಸ್ಲಿಕ್ಕೆ ಆಗ್ತದೆ, ನೀವು ಹಾಲಿನ ಡೈರಿ ಹತ್ರ ಒಂದು ಡಬ್ಬ ಇಟ್ರೆ ಸಾಕು.

ಮತ್ತೆ ಕಮಿಟಿಯಲ್ಲಿ ಸಂಘದ ಪದಾಧಿಕಾರಿಗಳು ಬೇಡವೇ ಬೇಡ. ಪೋಸ್ಟ್‌ಮ್ಯಾನ್, ಆಶಾ ಕಾರ್ಯಕರ್ತೆ, ರಿಟೈರ್ಡ್ ಮಾಸ್ತರು, ಇಂಥವರನ್ನು ಹಾಕಿ. ಪ್ರತಿ ಮನೆಯ ಒಳಗಿನ ಕತೆ ಅವರಿಗೆ ಗೊತ್ತಿರ್ತದೆ, ಯಾರು ಫೋಟೋಗೆ ಮಾತ್ರ ಬರ್ತಾರೆ ಅಂತಲೂ ಗೊತ್ತಿರ್ತದೆ.

ಮಂಡ್ಯ_ಬೆಲ್ಲ:
ಎಲ್ಲ ಸರಿ ಕಣ್ರಣ್ಣ, ಆದ್ರೆ ದುಡ್ ಕೊಟ್ಟೋರ್ನ ಹಿಂಗ್ ಆಡ್ಕೊಂಡ್ರೆ ಮುಂದಿನ್ ವರ್ಷ ಪೆಂಡಾಲ್‌ಗೆ ಯಾರ್ ಕೊಡ್ತಾರೆ? ಬಟ್ಟೆ ಅಂಗಡಿಯವ್ರಿಗೆ ದಾನಿ ಅಂತ ಬೇರೆ ಗೌರವ ಮಾಡಿ, ಇನ್ವಿಟೇಷನ್ ಕಾರ್ಡಲ್ಲಿ ಹೆಸರು ದಪ್ಪಕ್ಷರದಲ್ಲಿ ಹಾಕಿ, ಮುಂದಿನ ಸಾಲಲ್ಲಿ ಕೂರ್ಸಿ. ಪ್ರಶಸ್ತಿ ಬೇರೆ, ಥ್ಯಾಂಕ್ಸ್ ಬೇರೆ. ಎರಡೂ ಕಲಸಿದ್ರೆ ದುಡ್ಡಿಗೆ ಗೌರವ ಡಾಕ್ಟರೇಟ್ ಮಾರೋರ್ ತರ ಆಯ್ತದೆ. (ನಮ್ಮ ಕಡೆ ಒಬ್ರು ಅಂಥದ್ದು ತಗಂಡು ಸ್ಕೂಟ್ರು ನಂಬರ್ ಪ್ಲೇಟ್ ಮೇಲೂ ಡಾ. ಅಂತ ಬರಸ್ಕಂಡವ್ರೆ. ಪದ್ಮಶ್ರೀನೇ ಹೆಸರಿನ ಹಿಂದೆ ಮುಂದೆ ಹಾಕಂಗಿಲ್ಲ ಅಂತ ಸುಪ್ರೀಂ ಕೋರ್ಟು 1995ರಲ್ಲೇ ಹೇಳದೆ, ಇವ್ರಿಗ್ ಯಾರ್ ಹೇಳೋರು.)

ವ್ಯಾಪಾರದವ್ರನ್ನ ಆರಿಸೋವಾಗ ಟರ್ನೋವರ್ ನೋಡ್ಬೇಡಿ. ಲಾಕ್‌ಡೌನಲ್ಲಿ ಉದ್ರಿ ಕೊಟ್ಟಿದ್ದು ಯಾರು, ಅಂಗಡೀಲಿ ಕೆಲ್ಸಕ್ಕಿರೋ ಹುಡುಗರು ಎಷ್ಟ್ ವರ್ಷದಿಂದ ಅಲ್ಲೇ ಅವ್ರೆ, ಕೇಳಿ ನೋಡಿ. ಹುಡುಗರು ಆರಾರ್ ತಿಂಗಳಿಗೆ ಬಿಟ್ಟು ಓಡೋಗೋ ಅಂಗಡಿಗೆ ಎಂಥ ಪ್ರಶಸ್ತಿ.

ಆಮೇಲೆ ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಮೊಮೆಂಟೊ ಇದಕ್ಕೆಲ್ಲ ಸುರಿಯೋ ಕಾಸಲ್ಲಿ ಉಪಯೋಗದ್ದು ಕೊಡಿ. ನಮ್ಮಪ್ಪ ಮೇಷ್ಟ್ರಾಗಿದ್ರು, ಶೋಕೇಸಲ್ಲಿ ಹನ್ನೊಂದು ಮೊಮೆಂಟೊ ಅವೆ, ಎಂಟರಲ್ಲಿ ಗಡಿಯಾರ, ಒಂದೂ ಓಡಲ್ಲ. ಆ ಸೈಕಲ್ ಶಾಪ್ ಯಜಮಾನ್ರಿಗೆ ಗಾಳಿ ಹೊಡೆಯೋ ಕಂಪ್ರೆಸರ್ ಐತಾ ಕೇಳಿ ಮೊದ್ಲು.

ಕಿರಾಣಿ_ಅಂಗಡಿ:
ಎಲ್ರಿಗೂ ಥ್ಯಾಂಕ್ಸ್. ನಿನ್ನೆ ಮತ್ತೆ ಮೀಟಿಂಗ್ ಮಾಡಿದ್ವಿ. ನಾಲ್ಕಕ್ಕಿಂತ ಒಂದೂ ಜಾಸ್ತಿ ಇಲ್ಲ ಅಂತ ಬರ್ದು ಸೈನ್ ಹಾಕ್ಸಿದೀನಿ, ಡಬ್ಬ ಡೈರಿ ಹತ್ರ ಒಂದು, ಗ್ರಂಥಾಲಯದ ಹತ್ರ ಒಂದು. ಪೋಸ್ಟ್‌ಮ್ಯಾನ್ ಅಂದಾಗ ಇಬ್ರು ಮುಖ ಸಿಂಡರಿಸಿದ್ರು, ಆದ್ರೂ ಪಾಸ್ ಆಯ್ತು. ವೇದಿಕೆ ಮೇಲೆ ಐದೇ ಕುರ್ಚಿ ಅಂದಿದ್ದು ಮಾತ್ರ ಇನ್ನೂ ಇತ್ಯರ್ಥ ಆಗಿಲ್ಲ, ಅಧ್ಯಕ್ಷರು ಹನ್ನೊಂದಕ್ಕೆ ಇಳಿದಿದಾರೆ, ನೋಡೋಣ.

ಸೈಕಲ್ ಶಾಪಿನ ಯಜಮಾನ್ರು ಇನ್ನೂ ಆಯ್ಕೆ ಆಗಿಲ್ಲ, ಡಬ್ಬ ತೆಗೀಬೇಕಷ್ಟೆ. ಆದ್ರೂ ಇವತ್ ಬೆಳಿಗ್ಗೆ ಟೀ ಕುಡಿಯೋ ನೆಪದಲ್ಲಿ ಹೋಗಿ, ಹಿಂಗೊಂದು ಪ್ರೋಗ್ರಾಂ ಇದೆ, ಬರ್ತೀರಲ್ಲ ಯಜಮಾನ್ರೇ ಅಂದೆ. ಟ್ಯೂಬನ್ನ ನೀರಿಗೆ ಅದ್ದಿ ಗುಳ್ಳೆ ನೋಡ್ತಿದ್ದೋರು ತಲೆ ಎತ್ಲಿಲ್ಲ. "ಸೋಮವಾರ ಇಟ್ಕಬೇಡಪ್ಪ, ಸಂತೆ, ಪಂಚರ್ ಜಾಸ್ತಿ ಬರ್ತವೆ" ಅಂದ್ರು.